ಭಾವನ ಕಂಪ್ಯೂಟರೂ ಅಕ್ಕನ ಕುಕ್ಕರೂ

ನಮ್ಮ ಭಾವ ಒಂದು ಸೆಕೆಂಡ್ ಉಳಿಸುವುದಕ್ಕೆ ಒಂದು ವಾರ ಖರ್ಚು ಮಾಡಬಲ್ಲವರು! ಈ ಮಾತನ್ನು ಅವರ ಮುಂದೆ ಹೇಳಿದರೆ ಹೊಗಳಿಕೆ ಎಂದುಕೊಂಡು ಕಾಫಿ ತರಿಸುತ್ತಾರೆ. ಅಕ್ಕನ ಮುಂದೆ ಹೇಳಿದರೆ ಆ ಕಾಫಿಗೆ ಸಕ್ಕರೆ ಬೀಳುವುದಿಲ್ಲ. ಹಾಗಾಗಿ ನಾನು ಎಲ್ಲಿ ಏನು ಹೇಳಬೇಕೆಂದು ಯೋಚಿಸಿಯೇ ಬಾಯಿ ಬಿಡುತ್ತೇನೆ.

ಭಾವ ತುಮಕೂರಿನ ಕಡೆಯವರು. ವಿಶಾಖಪಟ್ಟಣದ ಉಕ್ಕಿನ ಕಾರ್ಖಾನೆಯೊಂದರಲ್ಲಿ ಮೂವತ್ತೈದು ವರ್ಷ ಫರ್ನೇಸಿನ ಮುಂದೆ ಬೆಂದು, ಹೋದ ವರ್ಷ ನಿವೃತ್ತರಾದರು. ನಾನು ವರ್ಗಾವಣೆಯ ಕೃಪೆಯಿಂದ ವಿಜಯವಾಡದ ಒನ್ ಟೌನಿನಲ್ಲಿ ಬ್ಯಾಂಕ್ ಅಧಿಕಾರಿ. ಅಕ್ಕನ ಮಗಳಿಗೂ ಅದೇ ಊರಿನ ಕಾಲೇಜಿನಲ್ಲಿ ಕೆಲಸ. ಹಾಗಾಗಿ ಟೌನ್‌ಶಿಪ್ಪಿನ ಕ್ವಾರ್ಟರ್ಸ್ ಬಿಡುವ ಗಡುವು ಬಂದಾಗ ಅಕ್ಕ ವಿಜಯವಾಡದಲ್ಲಿ ನಮ್ಮ ಮನೆಯ ಹತ್ತಿರವೇ ಒಂದು ಪುಟ್ಟ ಫ್ಲಾಟ್ ಗೊತ್ತುಮಾಡಿದಳು. ಎಷ್ಟು ಪುಟ್ಟದೆಂದರೆ, ಅಲ್ಲಿಗೆ ಏನೇನು ಹೋಗಬೇಕು, ಏನೇನು ಗುಜರಿಗೆ ಹೋಗಬೇಕು ಎಂದು ಅಕ್ಕ ಎರಡು ಪಟ್ಟಿ ಬರೆದಳು. ಗುಜರಿ ಪಟ್ಟಿಯ ಮೊದಲ ಸಾಲಿನಲ್ಲಿದ್ದದ್ದು ಭಾವನ ಕಂಪ್ಯೂಟರ್. ಭಾವನ ಹೆಸರು ಎರಡೂ ಪಟ್ಟಿಯಲ್ಲಿ ಇರಲಿಲ್ಲ, ಅದೇ ಪುಣ್ಯ!

ಈ ಕಂಪ್ಯೂಟರಿನ ವಿಚಾರ ಸ್ವಲ್ಪ ಹೇಳಬೇಕು. ಅದು ಕಾರ್ಖಾನೆಯ ಕಂಟ್ರೋಲ್ ರೂಮಿನಲ್ಲಿ ವರ್ಷಗಟ್ಟಲೆ ದುಡಿದು ಹರಾಜಿಗೆ ಬಂದಿತ್ತು. ಭಾವ ನಿವೃತ್ತರಾದ ಮುಂದಿನ ತಿಂಗಳು ಅದನ್ನು ಹರಾಜಿನಲ್ಲಿ ಹಿಡಿದು ಆಟೋದಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ಮನೆಗೆ ತಂದರು. ಗುಂಡಿ ಒತ್ತಿದರೆ ಅದು ಪೂರ್ತಿ ಏಳುವುದಕ್ಕೆ ಹನ್ನೆರಡು ನಿಮಿಷ. ಎದ್ದು ಮಾಡುವ ಘನಕಾರ್ಯವೇನು? ಟೌನ್‌ಶಿಪ್ಪಿನ ಕನ್ನಡ ಸಂಘದ ನೋಟೀಸು! ಭಾವ ಎರಡು ಬೆರಳಿನಲ್ಲಿ ಟೈಪ್ ಮಾಡಿ ಹಂಚುತ್ತಾರೆ. ಸಂಘದ ಸದಸ್ಯರು ಇಪ್ಪತ್ತಮೂರು ಜನ. ಅವರಲ್ಲಿ ಹೆಚ್ಚಿನವರು ಅಲ್ಲೇ ಹುಟ್ಟಿ ತೆಲುಗಿನಲ್ಲೇ ಜಗಳವಾಡಿ ಬೆಳೆದವರಾದ್ದರಿಂದ ಆ ನೋಟೀಸನ್ನು ಓದಬಲ್ಲವರು ಒಂಬತ್ತೇ ಜನ. ಉಳಿದವರ ಮನೆಗೆ ಭಾವನೇ ಹೋಗಿ ಓದಿ ಹೇಳಿ ಬರುತ್ತಾರೆ.

"ಹೇಗೂ ಮನೆಮನೆಗೆ ಹೋಗಿ ಹೇಳ್ತೀರಲ್ಲ, ಟೈಪ್ ಮಾಡೋದ್ಯಾಕೆ?" ಎಂದು ಕೇಳಿದ್ದೆ.

"ಏನು ಹೇಳ್ಬೇಕು ಅಂತ ನೆನಪಿರಬೇಕಲ್ಲಯ್ಯ!" ಎಂದರು.

ಅಂಥ ಕಂಪ್ಯೂಟರನ್ನು ಅಕ್ಕ ಗುಜರಿ ಪಟ್ಟಿಗೆ ಸೇರಿಸಿದ ದಿನ ಭಾವ ಊಟ ಬಿಟ್ಟರು. ಅಂದರೆ ಎರಡನೇ ಸಲ ಬಡಿಸಿಕೊಳ್ಳುವುದನ್ನು ಬಿಟ್ಟರು. ವಾದ ನಡೆಯಿತು. ಕೊನೆಗೆ ಅಕ್ಕ ಒಂದು ಷರತ್ತು ಹಾಕಿದಳು.

"ನಾನು ಅನ್ನಕ್ಕಿಟ್ಟು ಒಲೆ ಹಚ್ಚೋದೂ ನೀವು ಆ ಡಬ್ಬದ ಗುಂಡಿ ಒತ್ತೋದೂ ಒಟ್ಟಿಗೆ. ಕುಕ್ಕರ್ ಮೂರು ವಿಷಲ್ ಹಾಕೋದ್ರೊಳಗೆ ನಿಮ್ಮ ಸಂಘದ ನೋಟೀಸು ಪರದೆ ಮೇಲೆ ಕಾಣಿಸ್ಬೇಕು. ಕಂಡ್ರೆ ವಿಜಯವಾಡ. ಇಲ್ದಿದ್ರೆ ಗುಜರಿ. ತೀರ್ಪು ಹೇಳೋಕೆ ನನ್ನ ತಮ್ಮ ಬರ್ತಾನೆ."

ಪಂದ್ಯ ಎರಡು ತಿಂಗಳ ನಂತರ, ಸಾಮಾನು ಕಟ್ಟುವ ಹಿಂದಿನ ಭಾನುವಾರ. ಅಕ್ಕನ ಕುಕ್ಕರು ಮೂರನೇ ವಿಷಲ್ ಹಾಕುವುದಕ್ಕೆ ಒಂಬತ್ತೂವರೆ ನಿಮಿಷ ತೆಗೆದುಕೊಳ್ಳುತ್ತದೆ. ಕಂಪ್ಯೂಟರಿಗೆ ಹನ್ನೆರಡು. ಅಂದರೆ ಎರಡೂವರೆ ನಿಮಿಷವನ್ನು ಎಲ್ಲಿಂದಾದರೂ ಕಿತ್ತು ತರಬೇಕು.

"ನಾನ್ನಾ, ಹಳೇ ಡಿಸ್ಕ್ ತೆಗೆದು ಹೊಸದೊಂದು ಎಸ್‌ಎಸ್‌ಡಿ ಹಾಕಿಸಿದ್ರೆ ಅರ್ಧ ನಿಮಿಷದಲ್ಲಿ ಏಳುತ್ತೆ ಕದಾ!" ಎಂದಳು ಮಗಳು ಫೋನಿನಲ್ಲಿ. ಅವಳ ಕನ್ನಡ ಹೀಗೆ, ಅರ್ಧ ದಾರಿಯಲ್ಲಿ ತೆಲುಗಿನ ಬಸ್ಸು ಹತ್ತುತ್ತದೆ.

"ಹೊಸ ಎತ್ತು ಕಟ್ಟಿ ಹಳೇ ಗಾಡಿ ಓಡ್ತು ಅಂತ ಹೇಳ್ಕೊಳ್ಳೋದಾ? ಅದು ಮೋಸ. ಇದ್ದಿದ್ರಲ್ಲೇ ಜಾಸ್ತಿ ತೆಗೀಬೇಕು. ನಮ್ಮ ಫರ್ನೇಸಲ್ಲಿ ನಾವು ಮಾಡಿದ್ದೇ ಅದು" ಎಂದು ಭಾವ ಆ ಸುಲಭದ ದಾರಿಯನ್ನು ತಾವೇ ಮುಚ್ಚಿದರು. ಉಳಿದದ್ದು ಕಷ್ಟದ ದಾರಿ. ಅದರ ಹೆಸರು ಓವರ್‌ಕ್ಲಾಕಿಂಗ್.

ನನಗೆ ಅರ್ಥವಾದಷ್ಟು ಹೇಳುತ್ತೇನೆ. ಪ್ರೊಸೆಸರ್ ಎನ್ನುವುದು ಕಂಪ್ಯೂಟರಿನ ತಲೆ. ಅದು ಎಷ್ಟು ವೇಗವಾಗಿ ಯೋಚಿಸಬೇಕೆಂದು ಮಾಡಿದವರೇ ನಿಗದಿ ಮಾಡಿರುತ್ತಾರೆ. ಅದನ್ನು ಮೀರಿ ಓಡಿಸುವುದೇ ಓವರ್‌ಕ್ಲಾಕಿಂಗ್. ಆದರೆ ಅದಕ್ಕೆ ಮದರ್‌ಬೋರ್ಡಿನ ಒಪ್ಪಿಗೆ ಬೇಕು. ಭಾವನ ಮದರ್‌ಬೋರ್ಡು ಬಹಳ ಕಟ್ಟುನಿಟ್ಟಿನದು. ಮುಖ್ಯವಾದ ಸೆಟ್ಟಿಂಗುಗಳಿಗೆಲ್ಲ ಬೀಗ. ಮುಟ್ಟಲು ಬಿಡುವುದು ಒಂದೇ ಒಂದು ಅಂಕಿಯನ್ನು. ಆ ಅಂಕಿ ನೂರು. ಅದನ್ನು ನೂರಾ ಒಂದು ಮಾಡಿದರೆ ಕಂಪ್ಯೂಟರು ನೂರಕ್ಕೆ ಒಂದರಷ್ಟು ಚುರುಕಾಗುತ್ತದೆ. ನೂರಾ ಎರಡು, ನೂರಾ ಮೂರರವರೆಗೂ ಬೋರ್ಡಮ್ಮ ಹಲ್ಲು ಕಚ್ಚಿಕೊಂಡು ಸಹಿಸುತ್ತಾಳೆ. ನೂರಾ ನಾಲ್ಕಕ್ಕೆ ಪರದೆ ಪೂರ್ತಿ ನೀಲಿ, ಎಲ್ಲವೂ ಸ್ತಬ್ಧ!

ನೂರಾ ಮೂರಕ್ಕೆ ಮುಟ್ಟಿದ ದಿನ ಭಾವ ಬ್ಯಾಂಕಿನ ಹೊತ್ತಿನಲ್ಲೇ ಫೋನ್ ಮಾಡಿದರು. ನನ್ನೆದುರು ಒನ್ ಟೌನಿನ ಸಗಟು ವ್ಯಾಪಾರಿಗಳು ಸಾಲುಗಟ್ಟಿ ನಿಂತಿದ್ದರು.

"ಲೋ! ಹನ್ನೊಂದು ಸೆಕೆಂಡು ಕಡಿಮೆ ಆಯ್ತು ಕಣೋ!"

"ಬಹಳ ಸಂತೋಷ ಭಾವ. ಇಲ್ಲಿ ಜನ ಕಾಯ್ತಿದಾರೆ."

"ಅವರಿಗೂ ಹೇಳು!"

ಏನೆಂದು ಹೇಳಲಿ? ಎದುರಿಗಿದ್ದ ಮೆಣಸಿನಕಾಯಿ ವ್ಯಾಪಾರಿ "ಏಮಂಡಿ, ಮನೆಯಲ್ಲಿ ಏನಾದರೂ ಶುಭ ಸಮಾಚಾರವೇ" ಎಂದು ತೆಲುಗಿನಲ್ಲಿ ವಿಚಾರಿಸಿದರು. ಹೌದೆಂದೆ. ಪಾಪ, ಅವರು ಗಂಡೋ ಹೆಣ್ಣೋ ಎಂದು ಕೇಳಿದರು.

ಹನ್ನೊಂದು ಸೆಕೆಂಡಿನಿಂದ ಎರಡೂವರೆ ನಿಮಿಷ ತುಂಬುವುದಿಲ್ಲವಲ್ಲ. ಹಾಗಾಗಿ ಭಾವ ಮದರ್‌ಬೋರ್ಡಿನ ಬೀಗವನ್ನೇ ತೆಗೆಸಲು ಹೊರಟರು. ಬೋರ್ಡಿನೊಳಗೆ ಬಯೋಸ್ ಎಂಬ ಒಂದು ಪುಟ್ಟ ಪ್ರೋಗ್ರಾಂ ಕುಳಿತು ಎಲ್ಲರಿಗೂ ಅಪ್ಪಣೆ ಕೊಡುತ್ತಿರುತ್ತದಂತೆ. ಅದರ ಹಳೆಯ ಆವೃತ್ತಿಯಲ್ಲಿ ಬೀಗ ಸಡಿಲವಿತ್ತೆಂದು ಯಾರೋ ಎಲ್ಲೋ ಬರೆದಿದ್ದನ್ನು ಭಾವ ಓದಿದರು. ಹಳೆಯದನ್ನು ಹಾಕುವಾಗ ಮಧ್ಯದಲ್ಲಿ ಕರೆಂಟು ಹೋದರೆ ಕಂಪ್ಯೂಟರಿನ ಕಥೆ ಮುಗಿದಂತೆಯೇ. ಕಾರ್ಖಾನೆಯಲ್ಲಿ ಅಪಾಯದ ಕೆಲಸ ನಡೆಯುವಾಗ ಸ್ವಿಚ್ಚುಗಳಿಗೆ ಕೆಂಪು ಚೀಟಿ ಕಟ್ಟುವ ಪದ್ಧತಿ ಇದೆ. ಚೀಟಿ ಕಟ್ಟಿದವನೇ ಬಂದು ಬಿಚ್ಚುವವರೆಗೆ ಇನ್ನೊಬ್ಬರು ಆ ಸ್ವಿಚ್ಚನ್ನು ಮುಟ್ಟುವ ಹಾಗಿಲ್ಲ. ಫ್ಯೂಸು ಹಾರಿಬಿಟ್ಟೀತೆಂದು ಹೆದರಿದ ಭಾವ ಮಿಕ್ಸಿ, ಗೀಸರ್, ಇಸ್ತ್ರಿಪೆಟ್ಟಿಗೆ, ಫ್ರಿಜ್ಜು ಎಲ್ಲಕ್ಕೂ 'ಅಪಾಯ! ಚಾಲೂ ಮಾಡಬಾರದು' ಎಂಬ ಕೆಂಪು ಚೀಟಿ ಕಟ್ಟಿ, ತಾರೀಖು ಹಾಕಿ, ಸಹಿ ಮಾಡಿದರು. ಕೆಲಸ ಮುಗಿದದ್ದು ಆರು ನಿಮಿಷಕ್ಕೆ. ಚೀಟಿ ಬಿಚ್ಚುವುದನ್ನು ಮರೆತು ಭಾವ ಸಂಘದ ನೋಟೀಸು ಓದಿ ಹೇಳಲು ಹೊರಟುಹೋದರು!

ಮಧ್ಯಾಹ್ನ ಮನೆಗೆ ಬಂದು ಊಟಕ್ಕೆ ಕುಳಿತರೆ ತಟ್ಟೆ ಬೋರಲಾಗಿತ್ತು. ಅದರ ಮೇಲೊಂದು ಕೆಂಪು ಚೀಟಿ. 'ಅಪಾಯ! ಚಾಲೂ ಮಾಡಬಾರದು.' ಕೆಳಗೆ ಅಕ್ಕನ ಸಹಿ. ಚೀಟಿ ಕಟ್ಟಿದವರೇ ಬಿಚ್ಚಬೇಕೆಂಬುದು ಭಾವನದೇ ನಿಯಮ. ಅಕ್ಕ ಪಕ್ಕದ ಮನೆಯಲ್ಲಿ ಕುಳಿತು ಸಂಜೆಯವರೆಗೂ ಬರಲಿಲ್ಲ.

ಇಷ್ಟಾಗಿ ಬೀಗ ಬಿಟ್ಟಿತೇ? ಎಲ್ಲಿಯ ಮಾತು! ಬೋರ್ಡಮ್ಮ ಹಳೆಯ ಬಯೋಸನ್ನೂ ನುಂಗಿ, ಮೊದಲಿನಷ್ಟೇ ಗಟ್ಟಿಯಾಗಿ ಬಾಯಿ ಮುಚ್ಚಿಕೊಂಡು ಕುಳಿತಳು. ಅಂದಿನಿಂದ ಭಾವ ಗೌರವ ಕೊಟ್ಟು ನೋಡಲು ಶುರುಮಾಡಿದರು. "ಬಯೋಸ್ ಗಾರು, ಸ್ವಲ್ಪ ದಯ ತೋರಿಸಿ" ಎಂದು ಆಂಧ್ರದ ಮರ್ಯಾದೆಯಲ್ಲಿ ಮಾತಾಡಿಸುತ್ತಿದ್ದರಂತೆ. "ಮೂವತ್ತು ವರ್ಷದಲ್ಲಿ ನನ್ನನ್ನ ಒಂದು ದಿನ ಗಾರು ಅಂದಿಲ್ಲ" ಎಂದು ಅಕ್ಕ ಫೋನಿನಲ್ಲಿ ದೂರಿದಳು.

ಮುಂದೆ ಬಿಸಿಯ ಸಮಸ್ಯೆ ಬಂತು. ಪ್ರೊಸೆಸರು ಬಿಸಿಯಾದಷ್ಟೂ ಮಂದವಾಗುತ್ತದೆ. ತಂಪು ಮಾಡಿದರೆ ಬೋರ್ಡಮ್ಮ ನೂರಾ ನಾಲ್ಕಕ್ಕೂ ಒಪ್ಪಿಯಾಳು ಎಂದು ಭಾವನ ಲೆಕ್ಕಾಚಾರ. ಕ್ಯಾಬಿನೆಟ್ಟಿನ ಮುಚ್ಚಳ ಕಳಚಿ, ಸಮುದ್ರದ ಗಾಳಿ ಬರುವ ಕಿಟಕಿಯ ಮುಂದೆ ಇಟ್ಟರು.

"ಋಷಿಕೊಂಡದಲ್ಲಿ ಐಟಿ ಆಫೀಸುಗಳನ್ನ ಬೆಟ್ಟದ ಮೇಲೆ ಯಾಕೆ ಕಟ್ಟಿದಾರೆ ಗೊತ್ತಾ? ಕಂಪ್ಯೂಟರಿಗೆ ಗಾಳಿ ಬೇಕು!"

"ಅವರೆಲ್ಲ ಕಿಟಕಿ ಮುಚ್ಚಿ ಎಸಿ ಹಾಕ್ಕೊಂಡಿರ್ತಾರೆ ಭಾವ."

"ಅದಕ್ಕೇ ಅವರು ಉದ್ಧಾರ ಆಗ್ತಿಲ್ಲ" ಎಂದರು.

ಹದಿನೈದು ದಿನ ಉಪ್ಪುಗಾಳಿ ಕುಡಿದ ಕ್ಯಾಬಿನೆಟ್ಟಿನ ತಿರುಪುಗಳೆಲ್ಲ ಕಂದುಬಣ್ಣಕ್ಕೆ ತಿರುಗಿದವು. ಅಕ್ಕ ಒಂದನ್ನು ಬೆರಳಿನಿಂದ ಉಜ್ಜಿ ನೋಡಿ, "ಮೂವತ್ತೈದು ವರ್ಷ ಉಕ್ಕು ಮಾಡಿದವರಿಗೆ ತುಕ್ಕು ಹಿಡಿಯುತ್ತೆ ಅಂತ ಗೊತ್ತಾಗ್ಲಿಲ್ವಾ?" ಎಂದಳು. ಭಾವ ಕಂಪ್ಯೂಟರನ್ನು ಒಳಕ್ಕೆಳೆದು ಕಿಟಕಿ ಮುಚ್ಚಿದರು. ತನ್ನ ಮಾತು ಕೇಳಿ ಅವರು ಒಂದು ಕಿಟಕಿಯನ್ನಾದರೂ ಮುಚ್ಚಿದ್ದು ಅದೇ ಮೊದಲು ಎಂದು ಅಕ್ಕ ನನಗೆ ಫೋನ್ ಮಾಡಿ ತಿಳಿಸಿದಳು.

ಫ್ಲಾಟಿನ ಕೀಲಿಕೈ ತೆಗೆದುಕೊಳ್ಳಲು ಭಾವ ವಿಜಯವಾಡಕ್ಕೆ ಬಂದರು. ಕೀಲಿಕೈ ಜೇಬಿಗೆ ಬಿದ್ದದ್ದೇ ತಡ, ನನ್ನನ್ನು ಗವರ್ನರ್‌ಪೇಟೆಯ ಅಂಗಡಿಗಳಿಗೆ ಎಳೆದುಕೊಂಡು ಹೋದರು. ಪ್ರೊಸೆಸರಿಗೂ ಅದರ ಫ್ಯಾನಿಗೂ ನಡುವೆ ಬಳಿಯುವ ಪೇಸ್ಟು ಬೇಕಿತ್ತು. ಹಳೆಯದು ಒಣಗಿ ಪುಡಿಯಾಗಿತ್ತಂತೆ. ಅಂಗಡಿಯವನು ಎಷ್ಟು ಬೇಕೆಂದ. ಭಾವ ಜೀವಮಾನವಿಡೀ ಟನ್ನುಗಳಲ್ಲಿ ಮಾತಾಡಿದವರು. ಬಹಳ ಕಡಿಮೆ ಕೇಳುತ್ತಿದ್ದೇನೆಂಬ ಸಂಕೋಚದಲ್ಲಿ, "ಒಂದು ಕಾಲು ಕೆಜಿ ಕೊಡಿ ಸಾಕು" ಎಂದರು. ಅಂಗಡಿಯವನು ಚಿಕ್ಕ ಮಕ್ಕಳಿಗೆ ಔಷಧ ಹಾಕುವ ಸಿರಿಂಜಿನಷ್ಟು ಪುಟ್ಟ ಟ್ಯೂಬೊಂದನ್ನು ಮುಂದಿಟ್ಟ. ಇಷ್ಟರಲ್ಲಿ ಹತ್ತು ಕಂಪ್ಯೂಟರಿಗೆ ಆಗುತ್ತದೆಂದ. ಭಾವ ತಮ್ಮ ಪ್ರೊಸೆಸರಿನ ಹೆಸರು, ಬೋರ್ಡಿನ ಹೆಸರು, ಇಸವಿ ಎಲ್ಲ ಹೇಳಿದರು. ಅವನು ಭಕ್ತಿಯಿಂದ ಕೇಳಿಸಿಕೊಂಡು ಕೈಮುಗಿದ.

"ಸಾರ್, ದಾನ್ನಿ ಮ್ಯೂಸಿಯಂಲೋ ಪೆಟ್ಟಂಡಿ!"

"ಏನಂತೆ?" ಎಂದು, ಮ್ಯೂಸಿಯಮ್ಮಿನಲ್ಲಿಡಿ ಎಂದದ್ದು ಅರ್ಥವಾಗಿದ್ದರೂ, ನಾನು ಬೇಕೆಂದೇ ಕೇಳಿದೆ.

"ಅಪರೂಪದ್ದು ಅಂತಿದಾನೆ" ಎಂದು ಭಾವ ಎದೆಯುಬ್ಬಿಸಿ ನಡೆದರು.

ಪೇಸ್ಟಿನಿಂದ ಸ್ವಲ್ಪ, ಧೂಳು ತೆಗೆದದ್ದರಿಂದ ಸ್ವಲ್ಪ, ಬೇಡದ ಪ್ರೋಗ್ರಾಂಗಳನ್ನು ಮಲಗಿಸಿದ್ದರಿಂದ ಸ್ವಲ್ಪ, ಅಂತೂ ಹನ್ನೆರಡು ನಿಮಿಷ ಹತ್ತಕ್ಕಿಳಿಯಿತು. ಇನ್ನೂ ಅರ್ಧ ನಿಮಿಷ ಬಾಕಿ! ಆಗ ಭಾವನಿಗೆ ಹೊಸ ಉಪಾಯ ಹೊಳೆಯಿತು. ಫರ್ನೇಸನ್ನು ಒಮ್ಮೆ ಹಚ್ಚಿದ ಮೇಲೆ ವರ್ಷಾನುಗಟ್ಟಲೆ ಆರಿಸುವುದಿಲ್ಲ. ಹಾಗೆಯೇ ಕಂಪ್ಯೂಟರನ್ನು ಆರಿಸುವುದೇ ಬೇಡ, ಆರಿಸದಿದ್ದರೆ ಏಳುವ ಪ್ರಶ್ನೆಯೇ ಇಲ್ಲ! ಹನ್ನೊಂದು ದಿನ ಅದು ಹಗಲೂ ಇರುಳೂ ಉರಿಯಿತು. ಫರ್ನೇಸಿನಲ್ಲಿದ್ದಂತೆ ಲಾಗ್‌ಬುಕ್ಕು, ಪಾಳಿ ಎಲ್ಲವೂ ಬಂತು. ನಡುವೆ ಒಂದು ಶನಿವಾರ ಹೋಗಿದ್ದ ನನಗೂ ಮಧ್ಯಾಹ್ನದ ಪಾಳಿ ಬಿತ್ತು. ಭಾವ ನನಗೆ ಒಪ್ಪಿಸಿಹೋದ ಲಾಗ್‌ಬುಕ್ಕಿನಲ್ಲಿ ಹೀಗಿತ್ತು: 'ಬಿಸಿ ಎಪ್ಪತ್ತೊಂದು. ಫ್ಯಾನಿನ ಸದ್ದು ಸರಿ ಇದೆ. ಮನೆಯವಳ ಬಿಸಿ ಇದಕ್ಕಿಂತ ಹೆಚ್ಚು. ಎಚ್ಚರಿಕೆ.'

ಅದನ್ನು ಓದಿದ ಅಕ್ಕ, "ಸರಿ ಹಾಗಾದ್ರೆ. ನನ್ನ ಕುಕ್ಕರೂ ಎರಡು ವಿಷಲ್ ಹಾಕ್ಕೊಂಡೇ ಕಾಯ್ತಿರುತ್ತೆ" ಎಂದಳು. ಉಪಾಯ ಅಲ್ಲಿಗೆ ಮುಗಿಯಿತು.

ಆ ಭಾನುವಾರ ಬಂತು. ನಾನು ಹಿಂದಿನ ದಿನವೇ ರೈಲಿನಲ್ಲಿ ಬಂದು ಇಳಿದಿದ್ದೆ. ಮನೆ ತುಂಬ ರಟ್ಟಿನ ಪೆಟ್ಟಿಗೆಗಳು. ಕಟ್ಟದೆ ಉಳಿದದ್ದು ಎರಡೇ ಸಾಮಾನು, ನಡುಮನೆಯಲ್ಲಿ ಕಂಪ್ಯೂಟರ್, ಒಲೆಯ ಮೇಲೆ ಕುಕ್ಕರ್. ಭಾವ ಸ್ನಾನ ಮಾಡಿ, ಇಸ್ತ್ರಿಯಾದ ಅಂಗಿ ತೊಟ್ಟು, ಹಣೆಗೆ ಕುಂಕುಮ ಇಟ್ಟುಕೊಂಡು ಕುಳಿತಿದ್ದರು. ಅಕ್ಕ ಅಕ್ಕಿ ತೊಳೆದು ನೀರಿಟ್ಟಳು. ನಾನು ಎರಡೂ ಕಡೆ ಕಾಣುವಂತೆ ಅಡುಗೆಮನೆಯ ಬಾಗಿಲಲ್ಲಿ ನಿಂತು "ಹೂಂ" ಎಂದೆ. ಒಲೆ ಹತ್ತಿತು. ಗುಂಡಿ ಒತ್ತಿಸಿಕೊಂಡ ಕಂಪ್ಯೂಟರು ಗೊರ್ ಎಂದಿತು.

ಮರುಕ್ಷಣ ಭಾವನ ಮುಖ ಬಿಳಿಚಿಕೊಂಡಿತು. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು. ಬೆಳಿಗ್ಗೆ ಆ ಬಾಕಿ ಅರ್ಧ ನಿಮಿಷದ ಆಸೆ ತಡೆಯಲಾರದೆ ಒಂದೇ ಒಂದು ಸಲ ನೂರಾ ನಾಲ್ಕು ಮಾಡಿ ನೋಡಿದ್ದರಂತೆ! ಅದು ನೀಲಿಯಾಗಿ ನಿಂತುಬಿಟ್ಟಿತ್ತು, ಇವರು ಗಾಬರಿಯಲ್ಲಿ ಪ್ಲಗ್ಗನ್ನೇ ಕಿತ್ತಿದ್ದರು. ಅಂಕಿಯನ್ನು ಮತ್ತೆ ನೂರಾ ಮೂರಕ್ಕೆ ಇಳಿಸಿದ್ದೇನೋ ನಿಜ, ಆದರೆ ಕಂಪ್ಯೂಟರು ಆ ಅವಮಾನ ಮರೆತಿರಲಿಲ್ಲ. ಈಗ ಎದ್ದದ್ದೇ, ತನ್ನ ಡಿಸ್ಕಿಗೆ ಎಲ್ಲೆಲ್ಲಿ ಪೆಟ್ಟಾಗಿದೆಯೆಂದು ಮೊದಲಿನಿಂದ ಪರೀಕ್ಷೆ ಮಾಡಿಕೊಳ್ಳಲು ಕುಳಿತಿತು. ಶೇಕಡಾ ಎರಡು. ಶೇಕಡಾ ಮೂರು.

ಮೊದಲ ವಿಷಲ್ ಕೂಗಿತು. ಪರದೆಯಲ್ಲಿ ಶೇಕಡಾ ಮೂವತ್ತು.

ಈಗ ಗಾರು, ಅಂಡಿ ಒಂದೂ ಇಲ್ಲ. ಭಾವ ಎರಡೂ ಕೈಯನ್ನು ಮೊಣಕಾಲಿನ ಮೇಲಿಟ್ಟುಕೊಂಡು ಪರದೆಯನ್ನೇ ನೋಡುತ್ತಿದ್ದರು. ಎರಡನೇ ವಿಷಲ್ ಕೂಗಿದಾಗ ಶೇಕಡಾ ನಲವತ್ತೈದು. ಇನ್ನು ತೀರ್ಪು ಹೇಳುವುದಕ್ಕೆ ನಾನು ಬೇಕಿರಲಿಲ್ಲ. ಅಕ್ಕ ಗೆದ್ದಳೆಂದು ಅಡುಗೆಮನೆಯ ಕಡೆ ತಿರುಗಿದೆ.

ಅಕ್ಕ ಒಲೆಯನ್ನು ಸಣ್ಣಗೆ ಮಾಡುತ್ತಿದ್ದಳು!

ನಾನು ಬಾಯಿ ತೆರೆದೆ. ಅವಳು ಬೆರಳನ್ನು ತುಟಿಯ ಮೇಲಿಟ್ಟಳು. ಉರಿ ಸಣ್ಣದಾದರೂ ಕುಕ್ಕರಿನ ವೆಯಿಟ್ಟು ಸ್ವಲ್ಪ ಹೊತ್ತಿಗೆ ನಡುಗತೊಡಗಿತು, ಇನ್ನೇನು ಕೂಗಬೇಕು, ಅಕ್ಕ ಇಕ್ಕಳ ಹಿಡಿದು ವೆಯಿಟ್ಟನ್ನೇ ಎತ್ತಿ ಕಟ್ಟೆಯ ಮೇಲಿಟ್ಟುಬಿಟ್ಟಳು. ಹಬೆ ಬುಸ್ಸೆಂದು ನುಗ್ಗಿತು. ಆ ಸದ್ದು ಹೊರಗೆ ಕೇಳದಿರಲೆಂದು ಗಟ್ಟಿಯಾಗಿ ಕೆಮ್ಮಿದಳು. ಕ್ಷಯರೋಗಿಗಳು ಕೂಡ ಹಾಗೆ ಕೆಮ್ಮಲಾರರು!

"ಏನಕ್ಕಾ ಇದು?" ಎಂದು ಪಿಸುಗುಟ್ಟಿದೆ.

"ಸುಮ್ನಿರೋ" ಎಂದಳು. ಆಮೇಲೆ ಒಲೆಯನ್ನೇ ನೋಡುತ್ತಾ ಮೆಲ್ಲಗೆ ಹೇಳಿದಳು. "ರಿಟೈರ್ ಆದ ಮಾರನೇ ದಿನ ಬೆಳಿಗ್ಗೆ ಹತ್ತು ಗಂಟೆವರೆಗೂ ಎದ್ದಿರ್ಲಿಲ್ಲ ಕಣೋ. ನಿದ್ದೆ ಮಾಡ್ತಿದಾರೆ ಅಂದ್ಕೊಂಡೆ. ಹೋಗಿ ನೋಡಿದ್ರೆ ಕಣ್ಣು ಬಿಟ್ಕೊಂಡು ಸೂರು ನೋಡ್ತಾ ಮಲಗಿದಾರೆ. ಯಾಕೆ ಏಳ್ಲಿಲ್ಲ ಅಂದ್ರೆ, ಎದ್ದು ಎಲ್ಲಿಗೆ ಹೋಗ್ಲಿ ಅಂದ್ರು. ಒಂದು ತಿಂಗಳು ಹಾಗೇ ಇದ್ರು. ನಿನಗೆ ಹೇಳ್ಲಿಲ್ಲ, ಯಾರಿಗೂ ಹೇಳ್ಲಿಲ್ಲ. ಈ ಡಬ್ಬ ಬಂದ ಮೇಲೇ ಮೊದಲಿನ ಹಾಗೆ ಐದಕ್ಕೆ ಏಳೋಕೆ ಶುರು ಮಾಡಿದ್ದು. ಇದನ್ನ ಕೊಟ್ಟು ಹೊಸ ಊರಲ್ಲಿ ಮತ್ತೆ ಮಲಗಿಬಿಟ್ರೆ ನಾನೇನು ಮಾಡ್ಲಿ?"

"ಮತ್ತೆ ಈ ಪಂದ್ಯ ಯಾಕೆ ಹಾಕ್ದೆ?"

"ಸುಮ್ನೆ ಬರ್ಲಿ ಅಂದಿದ್ರೆ ಎರಡು ತಿಂಗಳು ಹೀಗೆ ಓಡಾಡ್ತಿದ್ರಾ?" ಎಂದು ಮತ್ತೊಮ್ಮೆ ಕೆಮ್ಮಿದಳು.

ಇಷ್ಟು ವರ್ಷ ಇವರಿಬ್ಬರ ಜಗಳ ಕೇಳಿ ನಕ್ಕು ಊರಿಗೆಲ್ಲ ಹೇಳಿಕೊಂಡು ತಿರುಗಿದ್ದೆನಲ್ಲ, ನಾಚಿಕೆಯಾಯಿತು. ಮನೆಯಲ್ಲೆಲ್ಲ ಸೀದ ವಾಸನೆ ಹರಡಿತು. ಒಲೆ ಆರಿಸಿದರೆ ಪಂದ್ಯ ಮುಗಿದಂತೆಂದು ಅಕ್ಕ ಉರಿಯನ್ನು ಹಾಗೇ ಬಿಟ್ಟಳು. ಎಷ್ಟೋ ಹೊತ್ತಿನ ಮೇಲೆ ನಡುಮನೆಯಿಂದ ಕೂಗು ಬಂತು.

"ಬಂತು! ನೋಟೀಸು ಬಂತು! ವಿಷಲ್ ಎಷ್ಟಾಯ್ತೋ?"

"ಎರಡೇ ಭಾವ" ಎಂದೆ. ನಿಜವನ್ನೇ ಹೇಳಿದೆ. ಮೂರನೆಯದು ಆ ದಿನ ಕೂಗಲೇ ಇಲ್ಲ.

ಊಟಕ್ಕೆ ಕುಳಿತೆವು. ಅನ್ನ ಮೇಲೆ ಮುದ್ದೆ, ಕೆಳಗೆ ಕರಕಲು. ನಾನು ಸಾರಿನಲ್ಲಿ ಮುಳುಗಿಸಿ ಹೇಗೋ ನುಂಗಿದೆ. ಭಾವ ಅದನ್ನೇ ಉಂಡು, ಎರಡನೇ ಸಲವೂ ಬಡಿಸಿಕೊಂಡರು. ಗೆದ್ದವರು ಕುಣಿಯಬೇಕಿತ್ತು, ನಮ್ಮನ್ನೆಲ್ಲ ಕೂರಿಸಿಕೊಂಡು ನೂರಾ ಮೂರರ ಮಹಿಮೆ ಹೇಳಬೇಕಿತ್ತು. ಏನೂ ಇಲ್ಲ. ಕೈ ತೊಳೆದು ನೇರ ಅಡುಗೆಮನೆಗೆ ಹೋದರು. ಅಕ್ಕನ ಮದುವೆಯಾದಂದಿನಿಂದ ಭಾವ ಪಾತ್ರೆ ಮುಟ್ಟಿದ್ದನ್ನು ನಾನು ಕಂಡಿಲ್ಲ. ತೋಳು ಮಡಿಸಿಕೊಂಡು, ತಳ ಹಿಡಿದ ಕುಕ್ಕರನ್ನು ನಲ್ಲಿಯ ಕೆಳಗಿಟ್ಟು ತೆಂಗಿನ ನಾರಿನಲ್ಲಿ ತಿಕ್ಕತೊಡಗಿದರು. ಅಕ್ಕ ಬಾಗಿಲಿಗೆ ಬಂದು, "ಬಿಡಿ, ನಾನು ತೊಳ್ಕೋತೀನಿ" ಎಂದಳು.

ಭಾವ ತಿರುಗಿ ನೋಡಲಿಲ್ಲ. ಕರಕಲು ಕೆರೆಯುತ್ತಲೇ ಹೇಳಿದರು.

"ಆ ಡಬ್ಬ ಏಳ್ಲಿ ಬಿಡ್ಲಿ, ಬೆಳಿಗ್ಗೆ ಐದಕ್ಕೆ ನಾನು ಏಳ್ತೀನಿ ಕಣೇ. ನೀನು ಹೆದರ್ಕೋಬೇಡ."